ಅಂಚಿನ ಕೊಳೆ

ದಬ್ಬಣ ನಾಲ್ಕನೆಯ ತೂತಿನಲ್ಲಿ ಅರ್ಧ ಇಳಿದಿತ್ತು. ಮೇಣ ಸವರಿದ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸಾವಿರ ಪುಟದ ಪುಸ್ತಕವೊಂದನ್ನು ಎರಡು ಮರದ ಪಟ್ಟಿಗಳ ನಡುವೆ ಅದುಮಿಟ್ಟು, ಅವಳು ದಬ್ಬಣದ ಮೇಲೆ ಮೈಭಾರ ಬಿಡುತ್ತಿದ್ದ ಹೊತ್ತಿಗೇ ಮೇಲಿನ ಕೋಣೆಯಿಂದ ಮಗಳ ದನಿ ಇಳಿದು ಬಂತು.

"ಅಮ್ಮಾ, ಆರಿಸಿಬಿಟ್ಟೆ."

ಬಾಯಲ್ಲಿ ದಾರವಿದ್ದುದರಿಂದ ಅವಳು ಹ್ಞೂಂ ಎಂದಳಷ್ಟೆ. ದಬ್ಬಣ ಆಚೆ ಬದಿಗೆ ತಲೆ ಹಾಕಿತು. ಸೂಜಿ ಅದರ ಹಿಂದೆಯೇ ಹೋಯಿತು. ದಾರ ಎಳೆದು ಬಿಗಿ ಮಾಡಿ ಐದನೆಯ ತೂತಿಗೆ ಗುರುತು ಹಾಕುವಷ್ಟರಲ್ಲಿ ಮತ್ತೆ ಅದೇ ದನಿ.

"ಅಮ್ಮಾ, ಇಲ್ಲ. ಇದೂ ಬೇಡ ಅನ್ಸತ್ತೆ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹಾಳೆ ಮಡಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನನ್ನ ಮಗನ್ನ ನೀನು ಹತ್ತು ನಿಮಿಷದಲ್ಲಿ ಒಪ್ಕೊಂಡೆ. ಇವಳು ಮೂರು ವಾರದಿಂದ ಒಂದು ಪುಸ್ತಕ ಒಪ್ಕೊಳ್ತಾ ಇಲ್ಲ," ಎಂದರು.

"ಹತ್ತು ನಿಮಿಷ ಎಲ್ಲಿ ಅತ್ತೆ, ನೀವು ಐದೇ ನಿಮಿಷ ಕೊಟ್ಟಿದ್ದು."

"ಜಾಸ್ತಿ ಕೊಟ್ಟಿದ್ರೆ ಅವನ ಗುಣ ಎಲ್ಲಾ ಗೊತ್ತಾಗ್ಬಿಡ್ತಿತ್ತು."

ಆ ಬೀದಿಯ ತುಂಬ ಕೋಚಿಂಗ್ ಸೆಂಟರುಗಳು. ಅವುಗಳ ನಡುವೆ ಸಂದಿಯಲ್ಲಿ ಸಿಕ್ಕಿಕೊಂಡ ಹಾಗಿದ್ದ ಒಂದು ಬೈಂಡಿಂಗ್ ಅಂಗಡಿ, ಅಂಗಡಿಯ ಮೇಲೆ ಮನೆ. ಬೀದಿಯ ಹುಡುಗ ಹುಡುಗಿಯರಿಗೆಲ್ಲ ಅವಳು ಬೈಂಡರಮ್ಮ. ಗಂಡ ದೂರದೂರದ ಬಸ್ಸು ಓಡಿಸುತ್ತಿದ್ದ. ವಾರಕ್ಕೆ ಎರಡು ದಿನ ಮನೆ, ಐದು ದಿನ ದಾರಿ. ಹಾಗಾಗಿ ಅಂಗಡಿ ನಡೆಯುತ್ತಿದ್ದುದು ಅತ್ತೆಯ ನಲವತ್ತು ವರ್ಷದ ಕಣ್ಣಿನ ಮೇಲೆ, ಸೊಸೆಯ ಇಪ್ಪತ್ತು ವರ್ಷದ ಕೈಯ ಮೇಲೆ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಅವಳಿಗೆ ಕಸುಬಿನ ಮೊದಲ ಪಾಠ ಹೇಳಿಕೊಟ್ಟಿದ್ದರು: ಹೊಲಿಯುವಾಗ ಓದಬಾರದು. ಒಂದು ಸಾಲು ಓದಿದರೆ ಹೊಲಿಗೆ ಡೊಂಕು, ಒಂದು ಪುಟ ಓದಿದರೆ ಅವತ್ತಿನ ಕೆಲಸ ನಾಳೆಗೆ. ಅವಳು ಆ ಮಾತನ್ನು ಪಾಲಿಸಿದ್ದಳು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಾವಿರ ಪುಸ್ತಕಗಳ ಬೆನ್ನು ತಡವಿದ್ದಳು, ಹೊಟ್ಟೆಯಲ್ಲಿ ಏನಿದೆ ಎಂದು ಒಂದರದ್ದೂ ಕೇಳಿರಲಿಲ್ಲ.

ಮಗಳ ಸಂಗತಿ ಹೀಗಿತ್ತು. ಹೋದ ವರ್ಷ ಅವಳು ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದು ಕೂದಲೆಳೆಯಲ್ಲಿ ಸೀಟು ಕಳೆದುಕೊಂಡಿದ್ದಳು. ಜೀವಶಾಸ್ತ್ರದಲ್ಲಿ ಅವಳದು ಎತ್ತಿದ ಕೈ. ಭೌತಶಾಸ್ತ್ರದಲ್ಲಿ ಹೇಗೋ ದಡ ಸೇರಿದ್ದಳು. ಮುಳುಗಿಸಿದ್ದು ಸಾವಯವ ರಸಾಯನ. ಬೆಂಜೀನಿನ ಆರು ಮೂಲೆಯ ಉಂಗುರ ಕಂಡರೆ ಸಾಕು, ಪುಟ ಮಗುಚಿ, ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಾಗೇ ಬಿಟ್ಟು ಬಂದಿದ್ದಳು. "ಇದೊಂದು ಸಲ ಬರೀತೀನಿ. ಆಗ್ಲಿಲ್ಲ ಅಂದ್ರೆ ಮಾವನ ಔಷಧದ ಅಂಗಡಿಯಲ್ಲಿ ಮಾತ್ರೆ ಎಣಿಸ್ಕೊಂಡು ಇರ್ತೀನಿ. ಮೂರನೇ ಸಲ ಅಂತ ಯಾರೂ ಬಾಯಿ ತೆಗೀಬೇಡಿ," ಎಂದು ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹೇಳಿದ್ದಳು. ತಮಾಷೆಯ ಹುಡುಗಿ ಅಂದು ತಮಾಷೆ ಮಾಡಿರಲಿಲ್ಲ.

ಆದ್ದರಿಂದ ಈ ಸಲ ತಪ್ಪು ಪುಸ್ತಕ ಹಿಡಿಯುವ ಹಾಗಿರಲಿಲ್ಲ. ಪರೀಕ್ಷೆಗೆ ಹತ್ತು ವಾರವಿದ್ದಾಗ ಸರಿಯಾದ ಪುಸ್ತಕ ಆರಿಸಲು ಕೂತವಳು, ಏಳು ವಾರ ಉಳಿದರೂ ಇನ್ನೂ ಆರಿಸುತ್ತಲೇ ಇದ್ದಳು. ಕೋಣೆಯಲ್ಲಿ ಸಾವಯವ ರಸಾಯನದ ಪುಸ್ತಕಗಳೇ ಹನ್ನೊಂದು ಸೇರಿದ್ದವು. ಎರಡು ಅವಳೇ ಕೊಂಡದ್ದು. ಮೂರು ಗೆಳತಿಯರದು. ಒಂದು ಎದುರಿನ ಸೆಂಟರಿನ ಬೆಂಜೀನ್ ಮೇಷ್ಟ್ರು ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಮುಖಪುಟಕ್ಕೆ ತಮ್ಮದೇ ಫೋಟೋ ಕೊಟ್ಟದ್ದು. ಉಳಿದ ಐದು ಅಪ್ಪ ತಂದದ್ದು. ಬಸ್ಸು ನಿಂತ ಊರಿನಲ್ಲೆಲ್ಲ, ಬೇರೆಯವರು ಮಕ್ಕಳಿಗೆ ಬಿಸ್ಕತ್ತು ಕೊಳ್ಳುವ ಹಾಗೆ, ಅವನು ನಿಲ್ದಾಣದ ಪುಸ್ತಕದಂಗಡಿಯಲ್ಲಿ "ಕಾರ್ಬನ್‌ದು ಏನಾದ್ರೂ ಇದೆಯಾ" ಎಂದು ಕೇಳಿ ಒಂದೊಂದು ಹಿಡಿದುಕೊಂಡು ಬರುತ್ತಿದ್ದ.

ಗೋಡೆಯ ಮೇಲೆ ಮಗಳು ಒಂದು ದೊಡ್ಡ ಹಾಳೆ ಅಂಟಿಸಿದ್ದಳು. ಹನ್ನೊಂದು ಪುಸ್ತಕಕ್ಕೆ ಹನ್ನೊಂದು ಸಾಲು. ವಿವರಣೆ ಹೇಗಿದೆ, ಚಿತ್ರ ಹೇಗಿದೆ, ಹಳೆಯ ಪ್ರಶ್ನೆ ಎಷ್ಟಿವೆ, ಜನ ಏನನ್ನುತ್ತಾರೆ ಎಂದು ಒಂದೊಂದಕ್ಕೂ ಹಸಿರು, ಹಳದಿ, ಕೆಂಪು ಚುಕ್ಕೆ. ನೋಡಲು ಬಲು ಚೆನ್ನಾಗಿತ್ತು. ಅಷ್ಟು ಹೊತ್ತಿನಲ್ಲಿ ಯಾವುದಾದರೂ ಒಂದನ್ನು ಓದಿ ಮುಗಿಸಬಹುದಿತ್ತು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಬೈಂಡರಮ್ಮನ ತಮ್ಮನೊಬ್ಬನನ್ನು ಬಿಟ್ಟು.

ತಮ್ಮನದು ಬೀದಿಯ ಕೊನೆಯಲ್ಲಿ ಔಷಧದ ಅಂಗಡಿ. ಡಾಕ್ಟರುಗಳ ಕೈಬರಹ ಓದಬಲ್ಲವನಾದ್ದರಿಂದ ತಾನೂ ಅರ್ಧ ಡಾಕ್ಟರೆಂದು ಅವನ ಎಣಿಕೆ. ಅವತ್ತು ಮಧ್ಯಾಹ್ನ ಅಂಗಡಿಗೆ ಬಂದವನು ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತು, "ಅಕ್ಕಾ, ಅವಳಿಗೆ ಅತಿ ದಪ್ಪದ್ದು ಯಾವುದೋ ಅದನ್ನ ಕೊಡು. ದಪ್ಪ ಪುಸ್ತಕದಲ್ಲಿ ಎಲ್ಲಾ ಇರತ್ತೆ," ಎಂದ.

"ನಿನ್ನ ಅಂಗಡೀಲೂ ಎಲ್ಲಾ ಇದೆ. ಹಾಗಂತ ಜ್ವರ ಬಂದೋರಿಗೆ ಎಲ್ಲಾ ಕೊಡ್ತೀಯಾ?" ಎಂದರು ಅತ್ತೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಕೇಳಿದ್ರೆ ಕೊಡ್ತೀನಿ," ಎಂದ.

ಮಗಳು ಅದೇ ಹೊತ್ತಿಗೆ ಕೆಳಗಿಳಿದು ಬಂದಿದ್ದಳು. ಕಣ್ಣ ಕೆಳಗೆ ಕಪ್ಪು, ಬೆರಳ ತುದಿಯಲ್ಲಿ ಮೂರು ಬಣ್ಣ. ಕತ್ತರಿಸುವ ಯಂತ್ರಕ್ಕೆ ಒರಗಿ ನಿಂತು, "ಅಮ್ಮ, ನೀನೇ ಒಂದು ತೋರಿಸು. ಕಣ್ಣು ಮುಚ್ಕೊಂಡು ಅದನ್ನೇ ಓದ್ತೀನಿ," ಎಂದಳು.

"ನನಗೇನು ಗೊತ್ತು ಪುಟ್ಟಾ. ನಾನು ರಟ್ಟು ನೋಡೋಳು."

ಮಗಳು ಮೇಲೆ ಹೋದಳು. ಮೆಟ್ಟಿಲ ಮೇಲಿನ ಹೆಜ್ಜೆ ಒಂದೊಂದೂ ಭಾರವಾಗಿ ಕೇಳಿಸಿತು. ಹೇಳಿದ್ದು ಸುಳ್ಳಲ್ಲ, ಆದರೂ ತಾಯಿಗೆ ಏನೋ ಕಳ್ಳತನ ಮಾಡಿದ ಹಾಗಾಯಿತು.

ಹೊಲಿದು ಮುಗಿದಿದ್ದ ಸಾವಿರ ಪುಟದ ಪುಸ್ತಕವನ್ನು ಅವಳು ಯಂತ್ರದೊಳಗೆ ಸರಿಸಿದಳು. ಮತ್ತೆ ಬೈಂಡು ಮಾಡಿದ ಪುಸ್ತಕಕ್ಕೆ ಮೂರು ಅಂಚನ್ನೂ ತೆಳುವಾಗಿ ಕತ್ತರಿಸಿ ಕೊಡುವುದು ಆ ಅಂಗಡಿಯ ರೂಢಿ. ಕೊಳೆಯೆಲ್ಲ ಪಟ್ಟಿಯಾಗಿ ಕೆಳಗೆ ಬಿದ್ದು ಪುಸ್ತಕ ಹೊಸದರಂತೆ ಹೊಳೆಯುತ್ತಿತ್ತು. ಬ್ಲೇಡಿನ ಹಿಡಿಕೆಗೆ ಕೈ ಹಾಕಿದವಳು ಅಂದು ಹಾಗೇ ನಿಂತಳು. ಕಿಟಕಿಯ ಬೆಳಕು ಪುಸ್ತಕದ ಅಂಚಿನ ಮೇಲೆ ಬಿದ್ದಿತ್ತು. ಅಂಚಿನ ಮೊದಲ ಕಾಲು ಬೆರಳಗಲ ಮಣ್ಣಿನ ಬಣ್ಣ. ಅಲ್ಲಿಂದ ಮುಂದೆ ಕೊನೆಯವರೆಗೂ ಹಾಲಿನ ಬಿಳುಪು.

"ಅತ್ತೆ, ಇದು ಯಾವ ಪುಸ್ತಕ?"

ಅತ್ತೆ ಕಣ್ಣು ಕಿರಿದು ಮಾಡಿ ಬೆನ್ನು ನೋಡಿದರು. "ಮೇಲೆ ಇಟ್ಕೊಂಡು ಕೂತಿದಾಳಲ್ಲ, ಹಸಿರು ಚುಕ್ಕೆ ಜಾಸ್ತಿ ಇರೋದು. ಅದೇ."

"ತೊಂಬತ್ತನೇ ಪುಟಕ್ಕೆ ನಿಲ್ಲಿಸಿದಾರೆ."

"ಎಲ್ರೂ ಅಲ್ಲೇ ನಿಲ್ಸೋದು," ಎಂದರು ಅತ್ತೆ, ಹವಾಮಾನ ಹೇಳುವಷ್ಟು ಸಲೀಸಾಗಿ. "ನಲವತ್ತು ವರ್ಷದಿಂದ ನೋಡ್ತಾ ಇದೀನಲ್ಲ. ಮೊದಲ ಪಾಠ ನಮ್ಮ ಪಾಯಖಾನೆ ಬಾಗಿಲಿಗಿಂತ ಕೊಳೆ, ಕೊನೇ ಪಾಠ ಅಚ್ಚಿನ ಮನೆ ಬಿಟ್ಟು ಬಂದಿದ್ದೇ ಗೊತ್ತಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಂಡರಮ್ಮ ಬಾಗಿಲನ್ನು ಅರ್ಧ ಎಳೆದುಕೊಂಡಳು. ಹೋದ ವರ್ಷದವರು ತಂದು ಕೊಟ್ಟ ರಸಾಯನದ ಪುಸ್ತಕಗಳು ಕೆಲಸಕ್ಕೆ ಕಾದು ಗೋಡೆಯ ಬದಿಗೆ ಸಾಲಾಗಿ ನಿಂತಿದ್ದವು. ಅವೆಲ್ಲವನ್ನೂ ಒಂದೊಂದಾಗಿ ಕಿಟಕಿಗೆ ಹಿಡಿದು ಅಂಚು ಪರೀಕ್ಷೆ ಶುರುವಾಯಿತು. ನಾಡಿ ಹಿಡಿದು ನೋಡುವ ವೈದ್ಯರ ಗತ್ತು ಬಂದಿತ್ತು ಅತ್ತೆಗೆ. "ಇದು ಊಟ ಮಾಡ್ತಾ ಓದಿದ್ದು. ಇದು ಬಸ್ಸಲ್ಲಿ. ಇದು ಓದೇ ಇಲ್ಲ, ತಲೆದಿಂಬು ಮಾಡ್ಕೊಂಡಿದ್ದು, ಎಣ್ಣೆ ನೋಡು." ಬೆಂಜೀನ್ ಮೇಷ್ಟ್ರ ಪುಸ್ತಕ ನಾಲ್ಕು ಪ್ರತಿ ಇದ್ದವು. ನಾಲ್ಕರಲ್ಲೂ ಎಲ್ಲಕ್ಕಿಂತ ಹೆಚ್ಚು ಕೊಳೆಯಾದದ್ದು ಮೇಷ್ಟ್ರ ಫೋಟೋ. ಮೀಸೆಯ ಮೇಲೆ ಮೀಸೆ ಬರೆದಿದ್ದರು.

ಸಾಲು ಮುಗಿದಾಗ ಒಂದೇ ಒಂದು ಪುಸ್ತಕವೂ ಕೊನೆಯವರೆಗೆ ಕೊಳೆಯಾಗಿರಲಿಲ್ಲ.

"ಒಂದಿತ್ತು," ಎಂದಳು ಬೈಂಡರಮ್ಮ ನಿಧಾನವಾಗಿ. "ನಾಲ್ಕು ವರ್ಷದ ಹಿಂದೆ. ಕೈಯಲ್ಲಿ ಬರೆದ ನೋಟ್ಸು. ಬಿಡಿ ಹಾಳೆ. ಎಷ್ಟು ಕೊಳೆ ಅಂದ್ರೆ ಮುಟ್ಟಿ ಕೈ ತೊಳೆದಿದ್ದೆ. ಕೊನೇ ಹಾಳೆವರೆಗೂ ಒಂದೇ ಸಮ."

ಅಂಗಡಿಯಲ್ಲಿ ಸೂರಿನ ಕೆಳಗೆ ಒಂದು ಹಲಗೆ ಇತ್ತು. ಬೈಂಡಿಗೆ ಕೊಟ್ಟು ತಿರುಗಿ ನೋಡದವರ ಪುಸ್ತಕಗಳೆಲ್ಲ ಅಲ್ಲಿ. ಅತ್ತೆ ಅದನ್ನು ಅನಾಥಾಶ್ರಮ ಎನ್ನುತ್ತಿದ್ದರು. ಯಾವುದನ್ನೂ ತೂಕಕ್ಕೆ ಹಾಕಲು ಬಿಡುತ್ತಿರಲಿಲ್ಲ. ಸ್ಟೂಲು ಹತ್ತಿ, ಎರಡು ನಿಘಂಟು ಮತ್ತು ಯಾರದೋ ಲೆಕ್ಕದ ಕಟ್ಟಿನ ಹಿಂದಿನಿಂದ ಅವಳು ಅದನ್ನು ಎಳೆದಳು. ನೀಲಿ ರಟ್ಟು, ಕಪ್ಪು ಬಟ್ಟೆಯ ಬೆನ್ನು. ಅಂಚು ಫಳಫಳ ಹೊಳೆಯುತ್ತಿತ್ತು. ಕತ್ತರಿಸಿದ ಕೈ ಅವಳದೇ. ಒಳಗೆ ಮಾತ್ರ ಹೆಬ್ಬೆಟ್ಟಿನ ಗುರುತು, ಕಾಫಿ ಬಟ್ಟಲಿನ ಉಂಗುರ, ಪಕ್ಕದ ಖಾಲಿ ಜಾಗದಲ್ಲಿ ಮೂರು ಬೇರೆ ಬೇರೆ ಕೈಬರಹ. ಕೊನೆಯ ಹಾಳೆಯ ಕೆಳಗೆ ಮೂರು ಬೇರೆ ಬೇರೆ ಮಸಿಯಲ್ಲಿ ಮೂರು ಸಲ 'ಮುಗೀತು' ಎಂದು ಬರೆದಿತ್ತು. ಮೂರನೆಯವರು ಅದರ ಪಕ್ಕ 'ಉಸ್ಸಪ್ಪ' ಎಂದೂ ಸೇರಿಸಿದ್ದರು.

"ಇದನ್ನ ಓದಿ ಮುಗಿಸಿದೋರು ಮೂರು ಜನ ಇದಾರೆ," ಎಂದಳು ಅವಳು. "ಬಾಕಿಯವಕ್ಕೆ ಒಬ್ರೂ ಇಲ್ಲ."

"ಸರಿ ಮತ್ತೆ. ಆಯ್ತಲ್ಲ ಆರಿಸಿ," ಎಂದರು ಅತ್ತೆ.

ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸುಸೂತ್ರ. ಆದರೆ ಅಡ್ಡ ಹೊಲಿಗೆ ಹಾಕಿದ ಪುಸ್ತಕ ತೆರೆದಿಟ್ಟರೆ ಮಡಚಿಕೊಳ್ಳುತ್ತದೆ. ಪಕ್ಕದಲ್ಲಿಟ್ಟುಕೊಂಡು ಬರೆಯಲು ಆಗುವುದಿಲ್ಲ. ಮಗಳಿಗೆ ಮೇಜಿನ ಮೇಲೆ ಮಲಗುವ ಹಾಗೆ ಸುರುಳಿ ತಂತಿ ಹಾಕಿಕೊಡೋಣ ಎಂದು ತಾಯಿಗೆ ಆಸೆ. ಹೊಲಿಗೆ ಕತ್ತರಿಸಿದಳು, ರಟ್ಟು ಕಿತ್ತಳು, ಹಳೆಯ ಗೋಂದು ಕೆರೆದಳು. ನೂರ ನಲವತ್ತಮೂರು ಹಾಳೆಯನ್ನು ಮಟ್ಟಸವಾಗಿ ಕುಟ್ಟಿ ಮೇಜಿನ ಮೇಲಿಟ್ಟು ತಂತಿ ಹುಡುಕಲು ಒಳಗೆ ಹೋದಳು. ಪುಸ್ತಕ ಎತ್ತಿ ಕೊಟ್ಟು ಕೊಟ್ಟು ಬೆವೆತಿದ್ದ ಅತ್ತೆ ಎದ್ದು ಫ್ಯಾನಿನ ಸ್ವಿಚ್ಚು ಒತ್ತಿದರು.

ಅವಳು ತಿರುಗಿ ಬಂದಾಗ ಸಾವಯವ ರಸಾಯನ ಅಂಗಡಿಯ ತುಂಬ ಹಾರಾಡುತ್ತಿತ್ತು. ಒಂದು ಹಾಳೆ ಅತ್ತೆಯ ತಲೆಯ ಮೇಲೆ ಕೂತಿತ್ತು.

"ನಾನು ಬೇಕಂತ ಮಾಡ್ಲಿಲ್ಲ," ಎಂದರು ಅತ್ತೆ ಹಾಳೆಯ ಕೆಳಗಿನಿಂದ.

"ಹೋಗ್ಲಿ ಬಿಡಿ. ಪುಟದ ನಂಬರ್ ನೋಡಿ ಜೋಡಿಸಿದ್ರಾಯ್ತು."

ಹತ್ತು ಹಾಳೆ ಎತ್ತಿಕೊಂಡಳು, ಮೂಲೆ ನೋಡಿದಳು. ಇನ್ನು ಹತ್ತು ಎತ್ತಿಕೊಂಡಳು. ಯಾವುದರಲ್ಲೂ ನಂಬರ್ ಇರಲಿಲ್ಲ. ಒಂದು ಹಾಳೆಯ ಕೆಳತುದಿಯಲ್ಲಿ ಮಾತ್ರ ಎಂಟರ ತಲೆಯೋ ಒಂಬತ್ತರ ತಲೆಯೋ ಅರ್ಧ ಉಳಿದಿತ್ತು, ಬ್ಲೇಡಿಗೆ ಸಿಕ್ಕಿ ಕತ್ತು ಹೋದದ್ದು. ಆಗ ಅವಳಿಗೆ ಎಲ್ಲ ನೆನಪಾಯಿತು. ಕೊಳೆ ಅಸಹ್ಯವಾಗಿದೆ ಎಂದು ಅವತ್ತು ದಿನದಂತೆ ಒಂದು ನೂಲಿನಷ್ಟಲ್ಲ, ಒಂದು ಬೆರಳಿನಷ್ಟೇ ಒಳಗೆ ಕತ್ತರಿಸಿದ್ದಳು. ಮುಗಿಸಿ, ಕೈ ತೊಳೆದು, ಎಷ್ಟು ಚೊಕ್ಕವಾಯಿತು ಎಂದು ತಾನೇ ಮೆಚ್ಚಿಕೊಂಡಿದ್ದಳು.

ಅತ್ತೆಯ ನೆನಪೂ ಏನು ಕಮ್ಮಿಯಲ್ಲ. ತಲೆಯ ಮೇಲಿನ ಹಾಳೆ ತೆಗೆದು, ಮೂಲೆ ನೋಡಿ, ಸೊಸೆಯನ್ನು ನೋಡಿ, ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ಫ್ಯಾನ್ ಹಾಕಿದ್ದು ನಾನು. ಅದನ್ನ ಒಪ್ಕೊಳ್ತೀನಿ. ನಂಬರ್ ವಿಷಯಕ್ಕೆ ನಾನು ಬಾಯಿ ಬಿಡಲ್ಲ. ಆದರೆ ನನ್ನ ಕಾಫಿಗೆ ನಾಳೆಯಿಂದ ಎರಡು ಚಮಚ ಸಕ್ಕರೆ."

"ಡಾಕ್ಟ್ರು ಅರ್ಧ ಅಂದಿದಾರೆ."

"ಡಾಕ್ಟ್ರನ್ನ ಮಾಡೋಕೇ ತಾನೆ ಇಷ್ಟೆಲ್ಲ."

ಒಂದೂವರೆಗೆ ರಾಜಿಯಾಯಿತು.

ಸದ್ದು ಕೇಳಿ ಮಗಳು ಇಳಿದು ಬಂದಳು. ವಿಷಯ ತಿಳಿದು ನೆಲದ ಮೇಲೆ ಕೂತೇಬಿಟ್ಟಳು. "ಯಾರು ಆ ಪುಣ್ಯಾತ್ಮರು ಪುಟದ ನಂಬರ್ ಕತ್ತರಿಸಿರೋದು? ಅವರ ಕೈ ಹಿಡಿದು ಕೇಳ್ಬೇಕು ನಾನು." ಅತ್ತೆ ಜೋರಾಗಿ ಕೆಮ್ಮಿದರು. ಬೈಂಡರಮ್ಮ ಬಗ್ಗಿ ಹಾಳೆ ಹೆಕ್ಕುತ್ತಿದ್ದಳು. ಬಗ್ಗಿದ್ದೇ ಒಳ್ಳೆಯದಾಯಿತು, ಮುಖ ಕಾಣುತ್ತಿರಲಿಲ್ಲ.

"ಇದು ಬೇಡ ಬಿಡಮ್ಮ. ಹನ್ನೆರಡನೇದು ಅಂತ ಗೋಡೆ ಮೇಲೆ ಬರ್ಕೊಳ್ತೀನಿ," ಎಂದು ಮಗಳು ಏಳಹೊರಟಳು. ಏಳುವಾಗ ಕೈಗೆ ಎರಡು ಹಾಳೆ ಸಿಕ್ಕವು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. "ಇದು ಇದರ ಮುಂದಿನದು ಅನ್ಸತ್ತೆ," ಎಂದಳು.

ನೋಟ್ಸು ಬರೆದವರಿಗೆ ಒಂದು ಚಟವಿತ್ತು. ಪ್ರತಿ ಹಾಳೆಯ ಕೊನೆಗೆ ಒಂದು ಪ್ರಶ್ನೆ. ಉತ್ತರ ಮುಂದಿನ ಹಾಳೆಯ ತಲೆಯ ಮೇಲೆ, ಬರೀ ಚಿತ್ರದಲ್ಲಿ. 'ಈ ಆಲ್ಕೋಹಾಲಿನಿಂದ ಎರಡು ಹೈಡ್ರೋಜನ್ ಕಿತ್ತರೆ ಯಾರು ಹುಟ್ಟುತ್ತಾರೆ?' ಎಂದು ಒಂದು ಹಾಳೆ ಕೇಳಿ ಸುಮ್ಮನಾದರೆ, ಹುಟ್ಟಿದವರು ಅಂಗಡಿಯ ಯಾವ ಮೂಲೆಯಲ್ಲಿ ಬಿದ್ದಿದ್ದಾರೋ ಹುಡುಕಬೇಕು. ಉತ್ತರ ಗೊತ್ತಿದ್ದರೆ ಮಾತ್ರ ಮುಂದಿನ ಹಾಳೆ ಸಿಗುತ್ತಿತ್ತು.

ಮರುದಿನ ಅಂಗಡಿಯ ಉದ್ದನೆಯ ಮೇಜಿನ ಅರ್ಧವನ್ನು ರಸಾಯನಕ್ಕೆ ಬಿಟ್ಟುಕೊಟ್ಟರು. ಬೈಂಡಿಂಗ್ ಬಟ್ಟೆ ಒಣಗಿಸುವ ಹಗ್ಗಕ್ಕೆ, ಜೋಡಿ ಸಿಕ್ಕ ಹಾಳೆಗಳನ್ನು ಕ್ಲಿಪ್ಪು ಹಾಕಿ ತೂಗುಬಿಟ್ಟರು. ನಂಬರಿಲ್ಲದ ಹಾಳೆಗಳಿಗೆ ಕಲೆಯೇ ಹೆಸರಾಯಿತು: ಕಾಫಿ ಉಂಗುರ, ಸೊಳ್ಳೆ ಸತ್ತದ್ದು, ಹೆಬ್ಬೆಟ್ಟು, ಬೆಕ್ಕಿನ ಬಾಲ. "ಅಜ್ಜಿ, ಸೊಳ್ಳೆ ಸತ್ತದ್ದು ಎಲ್ಲಿ?" "ಕಾಫಿ ಉಂಗುರದ ಪಕ್ಕ ನೇತಾಡ್ತಿದೆ ನೋಡು." ಪುಸ್ತಕ ಕೊಡಲು ಬಂದ ಗಿರಾಕಿಗಳು ಇದೇನು ಬಟ್ಟೆ ಒಗೆದು ಹಾಕಿದ್ದೀರಾ ಎನ್ನುತ್ತಿದ್ದರು.

ಮೊದಮೊದಲು ತಾಯಿ ತನ್ನ ಪಾಡಿಗೆ ಹೊಲಿಯುತ್ತಿದ್ದಳು. ಆದರೆ ಹಾಳೆಗಳು ಮೂಗಿನ ಮುಂದೆಯೇ ತೂಗುತ್ತಿದ್ದವು. ಎಷ್ಟು ದಿನ ಅಂತ ಕಣ್ಣು ತಪ್ಪಿಸುವುದು?

"ಈ ಗೆರೆ ಏನು?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಬಂಧ ಅಮ್ಮ. ಒಂದು ಗೆರೆ ಅಂದ್ರೆ ಒಂದು ಬಂಧ, ಎರಡು ಗೆರೆ ಅಂದ್ರೆ ಎರಡು. ಕಾರ್ಬನ್‌ಗೆ ನಾಲ್ಕೇ ಬಂಧ."

"ನಾಲ್ಕು ತೂತು ಅನ್ನು. ಒಂದೂ ಖಾಲಿ ಬಿಡೋ ಹಾಗಿಲ್ವಾ?"

"ಖಾಲಿ ಬಿಟ್ರೆ ಸುಮ್ನಿರಲ್ಲ. ಯಾರನ್ನಾದ್ರೂ ಹಿಡ್ಕೊಂಡು ಬರತ್ತೆ."

"ನಮ್ಮ ಹೊಲಿಗೆ ಹಾಗೇ ಬಿಡು," ಎಂದಳು ಅವಳು. ಅವತ್ತು ಸಂಜೆ ಮಗಳು ಪಕ್ಕದ ರಫ್ ಕಾಗದದಲ್ಲಿ ಬಿಡಿಸಿದ ಒಂದು ಚಿತ್ರವನ್ನು ಸೂಜಿ ಹಿಡಿದ ಕೈಯಿಂದಲೇ ತೋರಿಸಿದಳು. "ಈ ನಡುವಿನೋನಿಗೆ ಐದು ಹೊಲಿಗೆ ಬಿದ್ದಿದೆಯಲ್ಲೇ."

ಮಗಳು ಬೆರಳಿಟ್ಟು ಎಣಿಸಿದಳು. ಐದು ಬಂಧ. ಹೋದ ವರ್ಷ ಪರೀಕ್ಷೆಯ ಕೋಣೆಯಲ್ಲಿ ಅವಳ ಚಿತ್ರಗಳು ಯಾವುದಕ್ಕೂ ತಾಳೆಯಾಗದೆ ಹೋದದ್ದು ಯಾಕೆಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಅವಸರದಲ್ಲಿ ಅವಳು ಎಣಿಸುತ್ತಲೇ ಇರಲಿಲ್ಲ. ಅವತ್ತಿನಿಂದ ಪ್ರತಿ ಚಿತ್ರಕ್ಕೂ "ಅಮ್ಮಾ, ಹೊಲಿಗೆ ನೋಡು" ಎನ್ನುವುದು ಶುರುವಾಯಿತು. ಹೊಲಿಗೆ ನೋಡಬೇಕಾದರೆ ಅಮ್ಮನಿಗೆ ವಿಷಯ ಹೇಳಬೇಕು. ಅಮ್ಮನಿಗೆ ಹೇಳಬೇಕಾದರೆ ತನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹುಡುಗಿ ಮೇಲೆ ಓಡುತ್ತಿದ್ದಳು, ಹನ್ನೊಂದರಲ್ಲಿ ಯಾವುದೋ ಒಂದನ್ನು ತೆಗೆದು ಅದೊಂದೇ ವಿಷಯ ನೋಡಿಕೊಂಡು ಇಳಿಯುತ್ತಿದ್ದಳು. ಯಾವುದು ಎಂದು ಆರಿಸಲು ಆಗ ಪುರುಸೊತ್ತಿರಲಿಲ್ಲ. ಗೋಡೆಯ ಮೇಲಿನ ಚುಕ್ಕೆಗಳ ಹಾಳೆ ಒಂದು ಮೂಲೆಯಲ್ಲಿ ಅಂಟು ಬಿಟ್ಟು ಜೋತುಬಿತ್ತು. ಯಾರೂ ಎತ್ತಿ ಅಂಟಿಸಲಿಲ್ಲ.

ಅನಿಲೀನಿನ ಹಾಳೆಗಳು ಸಿಕ್ಕ ದಿನ ತಾಯಿಗೇ ಹೆಚ್ಚು ಖುಷಿ. ಬೆಂಜೀನಿನಿಂದ ನೈಟ್ರೋಬೆಂಜೀನು, ಅದರಿಂದ ಅನಿಲೀನು, ಅದರಿಂದ ಮಂಜಿನಷ್ಟು ತಣ್ಣಗಿದ್ದರೆ ಮಾತ್ರ ಬದುಕುವ ಒಂದು ಲವಣ, ಕೊನೆಗೆ ಕಿತ್ತಳೆ ಬಣ್ಣ. ಅವಳು ತನ್ನ ಪಕ್ಕದ ಬೈಂಡಿಂಗ್ ಬಟ್ಟೆಯ ಸುರುಳಿಯನ್ನು ಮುಟ್ಟಿ ನೋಡಿದಳು. ಅದೂ ಕಿತ್ತಳೆ. ಇಪ್ಪತ್ತು ವರ್ಷದಿಂದ ಕೈಗೆ ಹತ್ತುತ್ತಿದ್ದ ಬಣ್ಣ ಇಂಥ ಮನೆತನದ್ದು ಎಂದು ತಿಳಿದು, ಅದನ್ನು ಈಗ ಸ್ವಲ್ಪ ಮರ್ಯಾದೆಯಿಂದ ಮಡಚಿಟ್ಟಳು.

ಒಂದು ಹಾಳೆ ಮಾತ್ರ ಎಲ್ಲಿಯೂ ಕೂರಲಿಲ್ಲ. 'ಸೋಪು, ಬ್ಲೇಡು, ಅರ್ಧ ಡಜನ್ ನಿಂಬೆ, ಅಮ್ಮನಿಗೆ ಚಪ್ಪಲಿ.' ಇದು ಏನನ್ನೋ ಬಾಯಿಪಾಠ ಮಾಡುವ ಗುಟ್ಟಿನ ಸೂತ್ರವಿರಬೇಕು ಎಂದು ಮಗಳು ಮೂರು ದಿನ ತಲೆ ಕೆಡಿಸಿಕೊಂಡಳು. ಸೋಪು ಎಂದರೆ ಕೊಬ್ಬಿನ ಆಮ್ಲದ ಲವಣ, ನಿಂಬೆ ಎಂದರೆ ಸಿಟ್ರಿಕ್ ಆಮ್ಲ, ಅಲ್ಲಿಗೆ ಸರಿ, ಚಪ್ಪಲಿ ಎಂದರೇನು? ನಾಲ್ಕನೆಯ ದಿನ ಅತ್ತೆ ಕನ್ನಡಕ ಹಾಕಿಕೊಂಡು ಓದಿ, "ಚಪ್ಪಲಿ ಅಂದ್ರೆ ಚಪ್ಪಲೀನೇ," ಎಂದರು. ಅದನ್ನೂ ಎಸೆಯಲಿಲ್ಲ. ಹಗ್ಗದ ತುದಿಗೆ ಬೇರೆಯಾಗಿ ತೂಗುಬಿಟ್ಟರು.

ಐದನೆಯ ವಾರ ಬೆಂಜೀನ್ ಮೇಷ್ಟ್ರು ಬೈಂಡಾದ ಪುಸ್ತಕ ಒಯ್ಯಲು ಬಂದರು. ಕೈ ಹಿಂದೆ ಕಟ್ಟಿಕೊಂಡು, ಹಗ್ಗದ ಉದ್ದಕ್ಕೂ ಮೂಗು ತೂರಿಸಿ ನಡೆದರು. ಎರಡು ಹಾಳೆಯ ಮುಂದೆ ನಿಂತು ನಕ್ಕರು.

"ಅಮ್ಮಣ್ಣೀ, ಇವೆರಡು ಅದಲು ಬದಲಾಗಿದೆ. ಮೊದಲು ಬ್ರೋಮಿನ್ ಕೂರಿಸ್ಬೇಕು, ಆಮೇಲೆ ನೈಟ್ರೋ."

ಬೈಂಡರಮ್ಮನ ಸೂಜಿ ನಿಂತಿತು. ಇಷ್ಟು ವಾರದ ಜೋಡಣೆಯಲ್ಲಿ ಒಂದು ತಪ್ಪಿದ್ದರೆ ಇನ್ನೆಷ್ಟು ತಪ್ಪಿರಬಹುದೋ. ಮಗಳ ಕಿವಿ ಕೆಂಪಾಗುವುದು ಕಂಡಿತು. ಈಗ ಇವಳು ಮೇಲೆ ಹೋಗುತ್ತಾಳೆ, ಆ ಚುಕ್ಕೆಗಳ ಹಾಳೆಯನ್ನು ಮತ್ತೆ ಎತ್ತಿ ಅಂಟಿಸುತ್ತಾಳೆ ಎಂದುಕೊಂಡಳು. ಮಗಳು ಹೋಗಲಿಲ್ಲ. ಹಾಳೆಯನ್ನೇ ದಿಟ್ಟಿಸಿದಳು.

"ಇಲ್ಲ ಸರ್. ಇಲ್ಲಿ ಕೇಳಿರೋದು ಇಬ್ಬರ ನಡುವೆ ಒಂದು ಜಾಗ ಬಿಟ್ಟು ಕೂತಿರಬೇಕು ಅಂತ. ಬ್ರೋಮಿನ್ ಮೊದಲು ಕೂತ್ರೆ ನೈಟ್ರೋನ ಪಕ್ಕಕ್ಕೋ ಎದುರಿಗೋ ಕಳಿಸತ್ತೆ. ನೈಟ್ರೋ ಮೊದಲು ಕೂತ್ರೇನೇ ಒಂದು ಜಾಗ ಬಿಡೋದು."

ಮೇಷ್ಟ್ರು ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿದರು. "ಅದೇ," ಎಂದರು. "ನಿನಗೆ ಗೊತ್ತಾಗತ್ತಾ ಅಂತ ನೋಡಿದೆ."

ಅವರು ಹೋದ ಮೇಲೆ ಅತ್ತೆ ಕೇಳಿದರು, "ಏನದು, ಕೂರೋದು ಏಳೋದು?"

"ಉಂಗುರದ ಮೇಲೆ ಯಾರು ಮೊದಲು ಕೂತ್ಕೊಳ್ತಾರೋ, ಎರಡನೆಯವರು ಎಲ್ಲಿ ಕೂರಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ ಅಜ್ಜಿ."

"ಅಷ್ಟೇನಾ? ನಿನ್ನ ಮಾವ ನಮ್ಮ ಅಂಗಡಿಗೆ ಬಂದು ಕೂತ ಹಾಗೆ."

ನೂರ ನಲವತ್ತೆರಡನೆಯ ಹಾಳೆ ಹಗ್ಗಕ್ಕೇರಿದಾಗ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಮಗಳು ಎಲ್ಲವನ್ನೂ ಇಳಿಸಿ, ಒಂದೊಂದರ ಕೆಳಮೂಲೆಯಲ್ಲೂ ಸೀಸದ ಕಡ್ಡಿಯಲ್ಲಿ ನಂಬರ್ ಹಾಕಿದಳು. ಕೊನೆಯ ಹಾಳೆಯಲ್ಲಿ ನಾಲ್ಕನೆಯ 'ಮುಗೀತು' ಬಿತ್ತು. ತಾಯಿ ಸುರುಳಿ ತಂತಿ ತೆಗೆದುಕೊಂಡು ಬಂದಳು. "ಈಗ ಬೇಡಮ್ಮ," ಎಂದಳು ಮಗಳು. "ನನಗೆ ಪುಸ್ತಕ ಬೇಕಾಗಿಲ್ಲ. ಎಲ್ಲಾ ಎಲ್ಲೆಲ್ಲಿ ನೇತಾಡ್ತಿತ್ತು ಅಂತ ಕಣ್ಣು ಮುಚ್ಚಿದ್ರೂ ಕಾಣ್ತಿದೆ."

ಪರೀಕ್ಷೆಯ ದಿನ ಮಧ್ಯಾಹ್ನ ಅತ್ತೆ ಒಂದೇ ಹಾಳೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಬೈಂಡರಮ್ಮ ಒಂದೇ ಪುಸ್ತಕದ ಬೆನ್ನಿಗೆ ಎರಡು ಸಲ ಗೋಂದು ಹಚ್ಚಿದಳು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಲು ಧೈರ್ಯ ಬರಲಿಲ್ಲ. ಮೊದಲು ಚಪ್ಪಲಿ ನೋಡಿದಳು, ಆಮೇಲೆ ಮೊಣಕೈ, ಆಮೇಲೆ ಮುಖ.

"ಬೆಕ್ಕಿನ ಬಾಲ ಬಂದಿತ್ತು," ಎಂದಳು ಮಗಳು. "ಸೊಳ್ಳೆ ಸತ್ತದ್ದೂ ಬಂದಿತ್ತು. ಒಂದು ಪ್ರಶ್ನೆಯಲ್ಲಿ ಬೇಕಂತಲೇ ಐದು ಹೊಲಿಗೆ ಹಾಕಿ ಕೊಟ್ಟಿದ್ರು ಅಮ್ಮ, ನಗು ಬಂತು. ಪಕ್ಕದೋರು ನೋಡಿದ್ರು. ಒಂದೂ ಬಿಡಲಿಲ್ಲ ಈ ಸಲ. ತಪ್ಪೋ ಸರಿಯೋ, ಎಲ್ಲಾ ಬರೆದೆ." ನೀರು ಕುಡಿದು, ಲೋಟ ಇಟ್ಟು, "ಆ ನಂಬರ್ ಕತ್ತರಿಸಿದೋರು ಎಲ್ಲಿದಾರೋ, ಸಿಕ್ಕಿದ್ರೆ ಕೈ ಮುಗೀತೀನಿ. ಅದೊಂದು ಇದ್ದಿದ್ರೆ ಅರ್ಧ ಗಂಟೇಲಿ ಜೋಡಿಸಿಬಿಡ್ತಿದ್ದೆ. ಆಮೇಲೆ ನೀವು ಹೇಳೋ ಹಾಗೆ ತೊಂಬತ್ತನೇ ಪುಟಕ್ಕೆ ನಿಲ್ಲಿಸ್ತಿದ್ದೆ," ಎಂದಳು.

ಅತ್ತೆ ಸೊಸೆಯ ಕಡೆ ನೋಡಿದರು. ಈಗ ಹೇಳಬಹುದಿತ್ತು, ಹೇಳಿದರೆ ಹೊಗಳಿಕೆಯೇ ಸಿಗುತ್ತಿತ್ತು. ಬೈಂಡರಮ್ಮ ಗೋಂದಿನ ಕುಂಚ ತೊಳೆಯಲು ಎದ್ದಳು.

ಫಲಿತಾಂಶಕ್ಕೆ ಇನ್ನೂ ಒಂದು ತಿಂಗಳಿತ್ತು. ಅದರ ನಡುವೆ ಒಂದು ಬೆಳಿಗ್ಗೆ, ಮೂರು ಮನೆ ಆಚೆಯ ದರ್ಜಿಯ ಮಗಳು ಬಂದು ಬಾಗಿಲಲ್ಲಿ ನಿಂತಳು. ಮುಂದಿನ ವರ್ಷ ಅವಳ ಸರದಿ. ಕೈಯಲ್ಲಿ ಒಂದು ಪಟ್ಟಿ, ಅದರ ತುಂಬ ಪುಸ್ತಕಗಳ ಹೆಸರು, ಪಕ್ಕದಲ್ಲಿ ಹಸಿರು ಹಳದಿ ಚುಕ್ಕೆ. "ಅಕ್ಕ ಓದಿದ ನೋಟ್ಸು ಸಿಗತ್ತಾ ಆಂಟಿ? ಒಂದು ಕಾಪಿ ಬೈಂಡ್ ಮಾಡಿ ಕೊಡ್ತೀರಾ?"

"ನಂಬರ್ ಎಲ್ಲಾ ಹಾಕಿಟ್ಟಿದೀನಿ, ಸಲೀಸಾಗಿ ಓದ್ಕೊಳ್ತಾಳೆ, ಪಾಪ. ಕಾಪಿ ತೆಗೆದು ಕೊಡಮ್ಮ," ಎಂದು ಮಗಳು 'ಚಪ್ಪಲಿ' ಹಾಳೆಯೊಂದನ್ನು ತನಗೆಂದು ಇಟ್ಟುಕೊಂಡು ಮೇಲೆ ಹೋದಳು.

ಮಧ್ಯಾಹ್ನ ಅತ್ತೆ ಒಂದೂವರೆ ಚಮಚದ ಕಾಫಿ ಹಿಡಿದು ಹಿತ್ತಲಿಗೆ ಹೋಗಿದ್ದರು. ಆಗಷ್ಟೇ ತೆಗೆಸಿ ತಂದ ಕಾಪಿಯ ಕಟ್ಟು ಕತ್ತರಿಸುವ ಯಂತ್ರದ ಮುಂದೆ ಇನ್ನೂ ಬಿಸಿಯಾಗಿತ್ತು. ಬೈಂಡರಮ್ಮ ಮೇಲಿನ ಹತ್ತು ಹಾಳೆಯ ಮೇಲೆ ಬೆರಳಾಡಿಸಿದಳು. ಕಾಫಿ ಉಂಗುರ, ಹೆಬ್ಬೆಟ್ಟು, ಬೆಕ್ಕಿನ ಬಾಲ. ಯಾವುದರ ಮುಂದೆ ಯಾವುದು, ಯಾಕೆ, ಅವಳಿಗೆ ನೋಡದೆಯೂ ಗೊತ್ತಿತ್ತು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ ಗೊತ್ತಿತ್ತು, ಒಂದು ಹೊಲಿಗೆಯೂ ತಪ್ಪದ ಹಾಗೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ದರ್ಜಿಯ ಮಗಳು ಬರುತ್ತಾಳೆ, ಮುಖ ಊದಿಸಿಕೊಂಡು ಕಟ್ಟು ತಂದು ಕುಕ್ಕುತ್ತಾಳೆ, ಏನಿದು ಆಂಟಿ ಎನ್ನುತ್ತಾಳೆ. ಎನ್ನಲಿ. ಮೇಜಿನ ಅರ್ಧ ಹೇಗೂ ಖಾಲಿಯಿದೆ.

ಅವಳು ಕಟ್ಟನ್ನು ಮಟ್ಟಸವಾಗಿ ಕುಟ್ಟಿ ಯಂತ್ರದೊಳಗೆ ಸರಿಸಿದಳು. ಬ್ಲೇಡನ್ನು ಒಂದು ನೂಲಿನ ಅಳತೆಗೆ ಇಟ್ಟಳು. ಹಿತ್ತಲಿನ ಕಡೆ ಒಮ್ಮೆ ನೋಡಿ, ಮತ್ತೆ ತಿರುಗಿಸಿ ಒಂದು ಬೆರಳಿನಷ್ಟು ಒಳಗೆ ತಂದು, ಹಿಡಿಕೆ ಒತ್ತಿದಳು. ನೂರ ನಲವತ್ತೆರಡು ನಂಬರುಗಳು ಬೆರಳಗಲದ ಪಟ್ಟಿಗಳಾಗಿ ಬುಟ್ಟಿಗೆ ಬಿದ್ದವು. ಆಮೇಲೆ ಹೋಗಿ ಫ್ಯಾನ್ ಹಾಕಿದಳು.